ಸಾಧಾರಣ ಅಂಕದ ಮಕ್ಕಳಿಗೆ ಯಾವ ವಿಶ್ವವಿದ್ಯಾಲಯ?

ತೊಗರಿ ಬಿತ್ತುವ ಮುನ್ನ ರೈತರು ಮೊದಲು ನೋಡುವುದು ಹೊಲವನ್ನು. ಆಳವಾದ ಎರೆ ಭೂಮಿಗೆ ಹೊಂದುವ ದೀರ್ಘಾವಧಿ ತಳಿಯನ್ನು ಮಡ್ಡಿ ಭೂಮಿಯಲ್ಲಿ ಬಿತ್ತಿದರೆ, ಕಾಯಿ ಕಟ್ಟುವ ಹೊತ್ತಿಗೆ ತೇವ ಮುಗಿದು ಬೆಳೆ ಒಣಗುತ್ತದೆ. ತಳಿಯೂ ಒಳ್ಳೆಯದೇ, ಭೂಮಿಯೂ ಒಳ್ಳೆಯದೇ, ಹೊಂದಾಣಿಕೆಯಲ್ಲಿ ತಪ್ಪಾಗಿರುತ್ತದೆ. ಮಕ್ಕಳನ್ನು ಪದವಿಗೆ ಕಳುಹಿಸುವಾಗಲೂ ಇದೇ ವಿಚಾರ ಅವಶ್ಯ.

ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ನಾಲವಾರ, ವಾಡಿ, ಚಿತ್ತಾಪುರ ಕಡೆಯ ರೈತರು ಕೇಳುವ ಪ್ರಶ್ನೆ ಒಂದೇ: "ನೂರಕ್ಕೆ ಐವತ್ತೈದು ಬಂದಾವ, ಎಲ್ಲಿಗೆ ಹಾಕಬೇಕ್ರಿ ಸರ್?" ಕೆಲವರು ಒಂದೆರಡು ಎಕರೆ ಮಾರಿ ದೂರದ ಖಾಸಗಿ ಕಾಲೇಜಿಗೆ ಸೇರಿಸಲು ಹೊರಟಿರುತ್ತಾರೆ. ಅದಕ್ಕೆ ಮೊದಲು ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯಗಳ ಸಾಧಕ ಬಾಧಕಗಳನ್ನು ತಿಳಿಯುವುದು ಒಳ್ಳೆಯದು.

ಗುಲಬರ್ಗಾ ವಿಶ್ವವಿದ್ಯಾಲಯ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಇದು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಚಿತ್ತಾಪುರ, ಸೇಡಂ, ಶಹಾಬಾದ, ಚಿಂಚೋಳಿಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಇದರ ವ್ಯಾಪ್ತಿಯಲ್ಲಿವೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವ ಸಾಧಾರಣ ವಿದ್ಯಾರ್ಥಿಗೆ ಇಲ್ಲಿ ಪ್ರವೇಶ ಕಷ್ಟವಲ್ಲ. ಮನೆಯಲ್ಲೇ ಉಂಡು ರೈಲು ಅಥವಾ ಬಸ್ಸಿನಲ್ಲಿ ಹೋಗಿ ಬರಬಹುದು. ಪದವಿ ಕೊಡುವುದು ಒಂದೇ ವಿಶ್ವವಿದ್ಯಾಲಯವಾದರೂ ಕಾಲೇಜಿನಿಂದ ಕಾಲೇಜಿಗೆ ಪಾಠದಲ್ಲಿ ವ್ಯತ್ಯಾಸವಿರುತ್ತದೆ. ಆದ್ದರಿಂದ ಕಾಯಂ ಅಧ್ಯಾಪಕರು ಎಷ್ಟು, ಪ್ರಯೋಗಾಲಯ ನಡೆಯುತ್ತದೆಯೇ ಎಂಬುದನ್ನು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ ತಿಳಿಯಬೇಕು.

ಕೇಂದ್ರೀಯ ವಿಶ್ವವಿದ್ಯಾಲಯ

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಯಿತು. 2022ರಿಂದ ಇಲ್ಲಿ ಪ್ರವೇಶಕ್ಕೆ ಸಿ.ಯು.ಇ.ಟಿ. ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ದೇಶದ ಎಲ್ಲ ಕಡೆಯ ಮಕ್ಕಳೊಡನೆ ಸ್ಪರ್ಧಿಸಬೇಕಾಗುತ್ತದೆ. ಪಿ.ಯು.ಸಿ.ಯಲ್ಲಿ ಹಿಂದೆ ಬಿದ್ದವರು ನಿರಾಶರಾಗಬೇಕಿಲ್ಲ. ಊರ ಹತ್ತಿರ ಪದವಿ ಮುಗಿಸಿ, ಇಂಗ್ಲಿಷ್ ಸುಧಾರಿಸಿಕೊಂಡು, ಎಂ.ಎ. ಅಥವಾ ಎಂ.ಎಸ್ಸಿ.ಗೆ ಇಲ್ಲಿ ಪ್ರಯತ್ನಿಸಬಹುದು. ಮುಂಗಾರು ಕೈಕೊಟ್ಟರೆ ಹಿಂಗಾರಿ ಇದ್ದೇ ಇದೆಯಲ್ಲವೇ?

ಕೃಷಿ ಮತ್ತು ಪಶುವೈದ್ಯಕೀಯ ಶಿಕ್ಷಣ

ರಾಯಚೂರು ಕೃಷಿ ವಿಶ್ವವಿದ್ಯಾಲಯ 2009ರಲ್ಲಿ ಧಾರವಾಡದಿಂದ ಬೇರ್ಪಟ್ಟಿತು. ರಾಯಚೂರು, ಕಲಬುರಗಿ ಹಾಗೂ ಭೀಮರಾಯನಗುಡಿಗಳಲ್ಲಿ ಇದರ ಕೃಷಿ ಮಹಾವಿದ್ಯಾಲಯಗಳಿವೆ. ಬಿ.ಎಸ್ಸಿ. (ಕೃಷಿ) ನಾಲ್ಕು ವರ್ಷದ್ದು. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವಿರುವ ವಿಜ್ಞಾನ ಓದಿ, ಸಿ.ಇ.ಟಿ. ಬರೆಯಬೇಕು. ರೈತರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿದ್ದು, ಅವುಗಳಿಗೆ ನಡೆಸುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊಲದಲ್ಲಿ ಕೈಯಾಡಿಸಿದ ಮಕ್ಕಳಿಗೆ ಅನುಕೂಲವಾಗುತ್ತದೆ. ನಾನು ಕೃಷಿ ವಿಶ್ವವಿದ್ಯಾಲಯದವನೇ ಆದರೂ ಒಂದು ಮಾತು ಹೇಳಲೇಬೇಕು: ಇಲ್ಲಿ ಸ್ಪರ್ಧೆ ಬಲವಾಗಿದೆ. ಇದೊಂದನ್ನೇ ನಂಬಿ ಬೇರೆಡೆ ಅರ್ಜಿ ಹಾಕದೆ ಕೂರುವುದು ಜಾಣತನವಲ್ಲ. ಎಸ್.ಎಸ್.ಎಲ್.ಸಿ. ನಂತರದ ಎರಡು ವರ್ಷದ ಕೃಷಿ ಡಿಪ್ಲೊಮಾವನ್ನೂ ವಿಚಾರಿಸಿರಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಹೈನು ವಿಜ್ಞಾನ ಮಹಾವಿದ್ಯಾಲಯವು ಕಲಬುರಗಿ ಜಿಲ್ಲೆಯ ಮಹಾಗಾಂವದಲ್ಲಿಯೇ ಇದೆ.

371(ಜೆ) ಸೌಲಭ್ಯ

ಸಂವಿಧಾನದ 371(ಜೆ) ವಿಧಿಯ ಪ್ರಕಾರ 2013ರಲ್ಲಿ ಹೊರಬಿದ್ದ ಆದೇಶದಂತೆ, ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಹಾಗೂ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಸಾಧಾರಣ ಅಂಕದ ಮಕ್ಕಳಿಗೆ ಇದು ದೊಡ್ಡ ಆಸರೆ. ಆದರೆ ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಕೈಯಲ್ಲಿರಬೇಕು. ಕೊನೆಯ ವಾರ ಓಡಾಡಿ ಪತ್ರ ಸಿಗದೆ ಸೀಟು ಕಳೆದುಕೊಳ್ಳುವಂತಾಗಬಾರದು. ಮಗು ಪಿ.ಯು.ಸಿ. ಎರಡನೇ ವರ್ಷದಲ್ಲಿರುವಾಗಲೇ ಅರ್ಜಿ ಸಲ್ಲಿಸಿರಿ. ಮುಂದೆ ಸರ್ಕಾರಿ ನೌಕರಿಯ ಮೀಸಲಾತಿಗೂ ಈ ವಿಧಿಯೇ ಆಧಾರ.

ಖರ್ಚಿನ ಲೆಕ್ಕ

ಶುಲ್ಕವನ್ನಷ್ಟೇ ನೋಡಿದರೆ ಸಾಲದು. ಕೋಣೆ ಬಾಡಿಗೆ, ಊಟ, ಪ್ರಯಾಣ, ಪುಸ್ತಕ ಎಲ್ಲವನ್ನೂ ಕೂಡಿಸಿ, ಓದಿನ ವರ್ಷಗಳಿಂದ ಗುಣಿಸಿರಿ. ಆ ಮೊತ್ತವನ್ನು ನಿಮ್ಮ ತೊಗರಿಯ ಸಾಧಾರಣ ವರ್ಷದ ನಿವ್ವಳ ಆದಾಯದೊಡನೆ ಹೋಲಿಸಿರಿ. ಬಂಪರ್ ಬೆಳೆಯ ವರ್ಷವನ್ನು ಲೆಕ್ಕಕ್ಕೆ ಹಿಡಿಯಬೇಡಿರಿ. ಹೊಲ ಮಾರದೆ ಸರಿದೂಗದಿದ್ದರೆ ಆ ಕಾಲೇಜು ನಿಮಗೆ ತಕ್ಕದ್ದಲ್ಲವೆಂದು ತಿಳಿಯಬೇಕು. ಮಗಳಿಗೊಂದು ಲೆಕ್ಕ, ಮಗನಿಗೊಂದು ಲೆಕ್ಕ ಹಾಕುವುದೂ ಸಲ್ಲದು.

ಮುಖ್ಯಾಂಶಗಳು

1. ಮೊದಲು ಮಗುವಿನ ಒಲವು, ನಂತರ ಅಂಕ, ಆಮೇಲೆ ವಿಶ್ವವಿದ್ಯಾಲಯದ ಹೆಸರು ನೋಡಿರಿ.

2. ಕನಿಷ್ಠ ಮೂರು ಕಡೆ ಅರ್ಜಿ ಹಾಕಿರಿ.

3. ಜಾತಿ, ಆದಾಯ ಮತ್ತು 371(ಜೆ) ಪತ್ರಗಳನ್ನು ಮೊದಲೇ ಸಿದ್ಧವಾಗಿಡಿರಿ.

4. ಸೇರಿಸುವ ಮುನ್ನ ತಂದೆ ತಾಯಿ ಇಬ್ಬರೂ ಮಗುವಿನೊಡನೆ ಒಂದು ದಿನ ಕಾಲೇಜಿಗೆ ಹೋಗಿ ಕಣ್ಣಾರೆ ನೋಡಿ ಬರತಕ್ಕದ್ದು. ಬೀಜವನ್ನು ಕೈಯಲ್ಲಿ ಹಿಡಿದು ನೋಡದೆ ನೀವು ಕೊಳ್ಳುವುದಿಲ್ಲವಷ್ಟೆ.