ಕೆ2-18ಬಿ: ಅಳೆದದ್ದೆಷ್ಟು, ಊಹಿಸಿದ್ದೆಷ್ಟು?

2025ರ ಏಪ್ರಿಲ್‌ನಲ್ಲಿ ‘ಬೇರೆ ಗ್ರಹದಲ್ಲಿ ಜೀವ ಸಿಕ್ಕೇಬಿಟ್ಟಿತು’ ಅನ್ನೋ ಥರದ ಸುದ್ದಿಗಳು ಮೊಬೈಲ್ ತುಂಬಾ ಓಡಾಡಿದ್ದವು. ಜೊತೆಗೆ ನೀಲಿ ಕಡಲು, ಕೆಂಪು ಆಕಾಶದ ಚಂದದ ಚಿತ್ರ ಬೇರೆ. ಗ್ರಹದ ಹೆಸರು ಕೆ2-18ಬಿ. ಆ ಚಿತ್ರ ಫೋಟೋ ಅಲ್ಲ, ಕಲಾವಿದರ ಕಲ್ಪನೆ. ಹಾಗಾದ್ರೆ ನಿಜವಾಗಿ ಗೊತ್ತಿರೋದೇನು?

ಗ್ರಹ ಇರುವುದು ಸಿಂಹ ರಾಶಿಯ ದಿಕ್ಕಿನಲ್ಲಿ, ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿ. ಅಂದ್ರೆ ನಾವು ಈಗ ನೋಡುತ್ತಿರುವ ಬೆಳಕು ಅಲ್ಲಿಂದ ಹೊರಟದ್ದು 1900ರ ಆಸುಪಾಸಿನಲ್ಲಿ. ಆಗ ಸಿಗಂದೂರಿನ ಸುತ್ತ ಹಿನ್ನೀರೇ ಇರಲಿಲ್ಲ. ಬೆಳಕು ಅರ್ಧ ದಾರಿ ದಾಟುವ ಹೊತ್ತಿಗೆ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದಿತ್ತು. ವಾಯೇಜರ್-1ರ ವೇಗದಲ್ಲಿ, ಸೆಕೆಂಡಿಗೆ 17 ಕಿ.ಮೀ.ನಂತೆ ಹೊರಟರೆ ಅಲ್ಲಿಗೆ ಸುಮಾರು 22 ಲಕ್ಷ ವರ್ಷ!

ಹೋಗದೇ ತಿಳಿಯೋದು ಹೇಗೆ? ಸೇತುವೆ ಆಗುವ ಮೊದಲು ಲಾಂಚ್‌ಗೆ ಕಾಯುತ್ತಿದ್ದ ಅಂಬಾರಗೋಡ್ಲು ದಡದಲ್ಲಿ ರಾತ್ರಿ ನಿಂತಿದ್ದೀರಿ ಅಂದ್ಕೊಳ್ಳಿ. ಆಚೆ ದಡದಲ್ಲಿ ಬಸ್ಸಿನ ಹೆಡ್‌ಲೈಟ್. ಅದರ ಮುಂದೆ ಒಂದು ಪತಂಗ ಹಾದುಹೋಯ್ತು. ಪತಂಗ ನಿಮಗೆ ಕಾಣಲ್ಲ. ಆದರೆ ಒಳ್ಳೆ ಸೆನ್ಸರ್ ಇದ್ದರೆ ಬೆಳಕು ಒಂಚೂರು ಕುಂದಿದ್ದು ಗೊತ್ತಾಗುತ್ತೆ. ಕೆ2-18ಬಿ ತನ್ನ ಕೆಂಪು ಕುಬ್ಜ ನಕ್ಷತ್ರವನ್ನು 33 ದಿನಕ್ಕೊಮ್ಮೆ ಸುತ್ತುತ್ತದೆ. ಪ್ರತಿ ಸಲ ಎದುರಿಗೆ ಬಂದಾಗ ನಕ್ಷತ್ರದ ಬೆಳಕು ಸುಮಾರು ಶೇ. 0.3ರಷ್ಟು ಕುಂದುತ್ತದೆ. ಇದರಿಂದ ಗಾತ್ರ ಸಿಗುತ್ತದೆ: ತ್ರಿಜ್ಯ ಭೂಮಿಯ 2.6 ಪಟ್ಟು. ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡುವುದನ್ನು ಅಳೆದರೆ ದ್ರವ್ಯರಾಶಿ: ಭೂಮಿಯ ಸುಮಾರು 8.6 ಪಟ್ಟು. ಲೆಕ್ಕ ನೀವೇ ಹಾಕಿ, ಇಲ್ಲಿ 60 ಕೆ.ಜಿ. ತೂಗುವವರು ಅಲ್ಲಿ ಸುಮಾರು 76 ತೂಗುತ್ತಾರೆ.

ಗ್ರಹದ ಅಂಚಿನ ಅನಿಲದ ಮೂಲಕ ತೂರಿ ಬರುವ ಬೆಳಕಿನಲ್ಲಿ ಪ್ರತಿ ಅಣುವೂ ತನ್ನದೇ ತರಂಗಾಂತರಗಳನ್ನು ಹೀರಿಕೊಳ್ಳುತ್ತದೆ. ಪತಂಗದ ರೆಕ್ಕೆಯಂಚಿನ ಹುಡಿಯ ಬಣ್ಣ ಪತ್ತೆ ಹಚ್ಚಿದ ಹಾಗೆ! ಜೇಮ್ಸ್ ವೆಬ್ ದೂರದರ್ಶಕ ಹೀಗೆ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಕಂಡಿದ್ದು 2023ರಲ್ಲಿ ಪ್ರಕಟವಾಯಿತು. ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ತಂಡ 2025ರಲ್ಲಿ ಹೇಳಿದ್ದು ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಇನ್ನೊಂದು ಅಣುವಿನ ಸುಳಿವಿನ ಬಗ್ಗೆ. ಭೂಮಿಯಲ್ಲಿ ಇದನ್ನು ಮುಖ್ಯವಾಗಿ ಉಂಟುಮಾಡುವುದು ಸಮುದ್ರದ ಸೂಕ್ಷ್ಮಜೀವಿಗಳು. ಸುದ್ದಿ ಹುಟ್ಟಿದ್ದು ಇಲ್ಲಿ.

ಆದರೆ ಆ ಸುಳಿವು 3 ಸಿಗ್ಮಾ ಮಟ್ಟದ್ದು. ಬರೀ ನಾಯ್ಸ್‌ನಿಂದಲೇ ಅಂಥ ಸಿಗ್ನಲ್ ಬರುವ ಸಾಧ್ಯತೆ ಶೇ. 0.3. ಕಡಿಮೆ ಅನ್ಸುತ್ತೆ, ಆದರೆ ‘ಕಂಡುಹಿಡಿದೆವು’ ಅನ್ನಲು ವಿಜ್ಞಾನ ಕೇಳುವುದು 5 ಸಿಗ್ಮಾ. ಅದೇ ಡೇಟಾವನ್ನು ಬೇರೆ ಮಾದರಿಗಳಿಂದ ನೋಡಿದ ತಂಡಗಳಿಗೆ ಸುಳಿವು ಇನ್ನೂ ದುರ್ಬಲವಾಗಿ ಕಂಡಿತು. ಮೇಲಾಗಿ ಇದೇ ಅಣು 67ಪಿ ಧೂಮಕೇತುವಿನಲ್ಲೂ ಸಿಕ್ಕಿದೆ, ಅಲ್ಲಿ ಜೀವ ಇದೆ ಅಂತ ಯಾರೂ ಹೇಳಲ್ಲ. ಕೆಂಪು ಆಕಾಶದ ಕೆಳಗಿನ ಆ ಕಡಲೂ ಒಂದು ಊಹೆಯೇ. ಅದು ದಟ್ಟ ಅನಿಲದ ಪುಟ್ಟ ನೆಪ್ಚೂನ್ ಆಗಿರಬಹುದು, ಕಾಲಿಡಲು ನೆಲವೂ ಇಲ್ಲದೆ.

ಊಹೆ ತಪ್ಪಲ್ಲ. ಏನನ್ನು ಹುಡುಕಬೇಕು ಅಂತ ಹೇಳಿಕೊಡೋದೇ ಊಹೆ. ಆದರೆ ಮುಂದಿನ ಸಲ ಇಂಥ ಸುದ್ದಿ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಎಷ್ಟು ಸಿಗ್ಮಾ? ಬೇರೆ ತಂಡ ಒಪ್ಪಿತಾ? ಜೀವ ಇಲ್ಲದೆಯೂ ಈ ಅಣು ಹುಟ್ಟಬಹುದಾ?