ಮಂಜು ಮುಚ್ಚಿಟ್ಟಿದ್ದ ದೋಷ

ಧಾರವಾಡದ ಹತ್ತಿರ ಮುಗದದಲ್ಲಿ ಭತ್ತದ ಸಂಶೋಧನಾ ಕೇಂದ್ರವಿದೆ. 'ಮುಗದ ಸುಗಂಧ' ತಳಿ ಅಲ್ಲಿಯದೇ. ನೀರಾವರಿ ಗದ್ದೆಯಲ್ಲಿ ಹುಲುಸಾಗಿ ಬೆಳೆದ ತಳಿ, ಮಳೆಯನ್ನೇ ನಂಬಿದ ಕೂರಿಗೆ ಬಿತ್ತನೆಯ ಹೊಲದಲ್ಲೂ ಹಾಗೆಯೇ ಬಂದೀತೆಂದು ಹೇಳಲಾಗದು. ಬೆಳೆಯಬೇಕಾದ ನೆಲದಲ್ಲೇ ಅದನ್ನು ಪರೀಕ್ಷಿಸಬೇಕು. ಮನುಷ್ಯರನ್ನು ಚಂದ್ರನತ್ತ ಒಯ್ಯುವ ರಾಕೆಟ್ಟಿಗೂ ಈ ಮಾತು ಸಲ್ಲುತ್ತದೆ. ಆದರೆ ಅದರ ಮೇಲ್ಹಂತ ಉರಿಯಬೇಕಾದ 'ಹೊಲ'ದಲ್ಲಿ ಗಾಳಿಯೇ ಇಲ್ಲ.

ಅಮೆರಿಕಕ್ಕೆ ಈ ಪಾಠವಾದದ್ದು 1968ರ ಏಪ್ರಿಲ್ 4ರಂದು. ಅಂದು ಮನುಷ್ಯರಿಲ್ಲದೆ ಹಾರಿದ ಅಪೊಲೊ-6ರಲ್ಲಿ, ಸ್ಯಾಟರ್ನ್-5 ರಾಕೆಟ್ಟಿನ ಮೂರನೆಯ ಹಂತ ಭೂಕಕ್ಷೆ ತಲುಪಿದ ಮೇಲೆ ಮತ್ತೊಮ್ಮೆ ಹೊತ್ತಿಕೊಳ್ಳಬೇಕಿತ್ತು. ಯಾತ್ರಿಗಳನ್ನು ಚಂದ್ರನತ್ತ ತಳ್ಳುವುದು ಈ ಎರಡನೆಯ ಉರಿಯೇ. ಅದು ಹೊತ್ತಲಿಲ್ಲ. ನೆಲದ ಮೇಲೆ ಎಷ್ಟೋ ಸಲ ಪರೀಕ್ಷಿಸಿದ್ದ ಜೆ-2 ಎಂಜಿನ್ ಕೈಕೊಟ್ಟಿದ್ದೇಕೆ?

ಎಂಜಿನ್ನನ್ನು ಹೊತ್ತಿಸುವ ಭಾಗಕ್ಕೆ ದ್ರವ ಜಲಜನಕ ಒಯ್ಯುವ ಸಣ್ಣ ಕೊಳವೆಯಲ್ಲಿ, ಬಾಗಲು ಅನುವಾಗುವಂತೆ ಸುಕ್ಕುಗಳಿದ್ದವು. ದ್ರವ ಜಲಜನಕದ ಉಷ್ಣತೆ ಸೊನ್ನೆಗಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಗೆ. ನೆಲದ ಮೇಲೆ ಆ ಚಳಿಗೆ ಸುತ್ತಲಿನ ಗಾಳಿಯೇ ದ್ರವವಾಗಿ, ಮಂಜುಗಟ್ಟಿ, ಕೊಳವೆಗೆ ಅಂಟಿಕೊಂಡು ಅದರ ನಡುಕವನ್ನು ತಡೆಯುತ್ತಿತ್ತು. ಮೇಲೆ ಗಾಳಿಯಿಲ್ಲ, ಮಂಜೂ ಇಲ್ಲ. ಕೊಳವೆ ಅದುರಿ ಅದುರಿ ಬಿರಿಯಿತು. ನಿರ್ವಾತ ಕೋಣೆಯಲ್ಲಿಟ್ಟು ಪರೀಕ್ಷಿಸಿದಾಗಲೇ ಗುಟ್ಟು ಬಯಲಾದದ್ದು. ಸುಕ್ಕುಗಳನ್ನು ತೆಗೆದು ಗಟ್ಟಿ ಕೊಳವೆ ಕೂಡಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಪೊಲೊ-8ರ ಮೂವರು ಯಾತ್ರಿಗಳನ್ನು ಅದೇ ಬಗೆಯ ಹಂತ ಚಂದ್ರನತ್ತ ಕಳುಹಿಸಿತು.

ಭಾರತವೂ ಇದೇ ದಾರಿಯಲ್ಲಿದೆ. 2023ರಲ್ಲಿ ಚಂದ್ರಯಾನ-3ನ್ನು ಒಯ್ದ ಎಲ್‌ವಿಎಂ-3 ರಾಕೆಟ್ಟಿನ ಮೇಲ್ಹಂತದ ಸಿಇ-20 ಎಂಜಿನ್ನೇ ಗಗನಯಾನದಲ್ಲಿ ಮನುಷ್ಯರನ್ನು ಭೂಕಕ್ಷೆಗೆ ಏರಿಸಬೇಕಾಗಿದೆ. ಇದಕ್ಕಾಗಿ ಇಸ್ರೊ ನಾಲ್ಕು ಎಂಜಿನ್‌ಗಳನ್ನು 39 ಸಲ ಉರಿಸಿ ನೋಡಿತು. ನಿಯಮದಂತೆ ಕನಿಷ್ಠ 6,350 ಸೆಕೆಂಡು ಉರಿಸಬೇಕಿತ್ತು; ಉರಿಸಿದ್ದು 8,810 ಸೆಕೆಂಡು. ಅಷ್ಟಕ್ಕೇ ಬಿಡದೆ, ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಗಾಳಿಯನ್ನು ಹೊರಹಾಕಿದ ಕೋಣೆಯಲ್ಲಿ ಎಂಜಿನ್ನನ್ನು ಏಳು ಸಲ ಹೊತ್ತಿಸಲಾಯಿತು. ಕೊನೆಯದು ನಡೆದದ್ದು 2024ರ ಫೆಬ್ರುವರಿ 13ರಂದು.

ಗಗನಯಾನಕ್ಕೆ ಮೇಲ್ಹಂತ ಒಮ್ಮೆ ಉರಿದರೆ ಸಾಕು. ದೂರದ ಪಯಣಗಳಿಗೆ ಆಕಾಶದಲ್ಲೇ ಮತ್ತೆ ಹೊತ್ತಬಲ್ಲ ಎಂಜಿನ್ ಬೇಕು. 2025ರ ಫೆಬ್ರುವರಿಯಲ್ಲಿ ಮಹೇಂದ್ರಗಿರಿಯ ನಿರ್ವಾತದಲ್ಲಿ ಇಸ್ರೊ ಪರೀಕ್ಷಿಸಿದ್ದು ಈ ಎರಡನೆಯ ಉರಿಯ ಸಿದ್ಧತೆಯನ್ನೇ. 2040ಕ್ಕೆ ಚಂದ್ರನ ಮೇಲೆ ಭಾರತೀಯರು ಇಳಿಯಬೇಕೆಂಬ ಗುರಿಯಿದೆ. ನೆಲದ ಮೇಲೆ ಉರಿದದ್ದು ಮೇಲೂ ಉರಿದೀತೆಂಬ ನಂಬಿಕೆಯೊಂದನ್ನೇ ನೆಚ್ಚಿ ಯಾರನ್ನೂ ಅಲ್ಲಿಗೆ ಕಳುಹಿಸಲಾಗದು.