ಏರುವ ಡ್ರಮ್ಮು, ಏರದ ಸಿಲಿಂಡರು

ನೆಂಟರು ಬಂದ ದಿನವೇ ಗ್ಯಾಸ್ ಮುಗಿಯುವುದು ನಮ್ಮ ನಿಮ್ಮೆಲ್ಲರ ಮನೆಯ ಕಥೆ. ಸೌದೆಯಾದರೆ ಕಣ್ಣಿಗೆ ಕಾಣುತ್ತೆ. ಕಾಣದ ಅನಿಲ ಎಷ್ಟಿದೆ ಅಂತ ತಿಳಿಯೋದು ಹೇಗೆ ಸೋದರಿಯರೆ?

ಆನಂದಪುರ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕೊಟ್ಟಿಗೆ ಪಕ್ಕ ಗೋಬರ್ ಗ್ಯಾಸ್ ಗುಂಡಿ ಇರುವ ಮನೆಗಳುಂಟು. ಅದು ತೇಲುವ ಡ್ರಮ್ಮಿನ ಗುಂಡಿಯಾದರೆ ಉತ್ತರ ಅಲ್ಲೇ ಇದೆ. ಗ್ಯಾಸ್ ತುಂಬಿದಷ್ಟೂ ಡ್ರಮ್ ಏರುತ್ತೆ, ಉರಿಸಿದಷ್ಟೂ ಇಳಿಯುತ್ತೆ. ಡ್ರಮ್ಮಿನ ಭಾರ ಒಂದೇ ಆದ್ದರಿಂದ ಒಳಗಿನ ಒತ್ತಡವೂ ಹೆಚ್ಚುಕಡಿಮೆ ಒಂದೇ. ಒತ್ತಡ, ಶಾಖ ಎರಡೂ ಬದಲಾಗದಿದ್ದರೆ, ಅನಿಲದ ಕಣಗಳು ಎರಡರಷ್ಟಾದಾಗ ಅದು ಹಿಡಿಯುವ ಜಾಗವೂ ಎರಡರಷ್ಟಾಗುತ್ತದೆ. ಯಾವ ಅನಿಲವಾದರೂ ಸರಿ, ಸಮ ಜಾಗದಲ್ಲಿ ಸಮ ಸಂಖ್ಯೆಯ ಕಣಗಳಿರುತ್ತವೆ ಎಂದು 1811ರಲ್ಲಿ ಹೇಳಿದವರು ಇಟಲಿಯ ಅವೊಗಾಡ್ರೊ.

'ಯಾವ ಅನಿಲವಾದರೂ ಸರಿ' ಅನ್ನೋ ಮಾತನ್ನು ಮರೆಯಬೇಡಿ. ಡ್ರಮ್ ಕಣಗಳನ್ನು ಎಣಿಸುತ್ತೆಯೇ ಹೊರತು ಅವು ಉರಿಯುವ ಮೀಥೇನೋ, ಉರಿಯದ ಇಂಗಾಲದ ಡೈಆಕ್ಸೈಡೋ ಅಂತ ಹೇಳೋದಿಲ್ಲ. ಹೊಸ ಗುಂಡಿಯ ಡ್ರಮ್ ಏರಿದ್ದರೂ ಒಲೆ ಹತ್ತದಿರುವುದು ಇದಕ್ಕೇ. ಮೊದಲ ಗ್ಯಾಸಿನಲ್ಲಿ ಗಾಳಿಯೂ ಸೇರಿರುತ್ತೆ. ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು ಅದನ್ನು ಹೊರಬಿಡಬೇಕು.

ಸುಮಾರು 25 ಕಿಲೊ ಹಸಿ ಸಗಣಿಯಿಂದ ಒಂದು ಸಾವಿರ ಲೀಟರಿನಷ್ಟು ಗ್ಯಾಸ್ ಬರುತ್ತದೆ. ಮಳೆಗಾಲದಲ್ಲಿ ಅಷ್ಟೇ ಸಗಣಿ ಹಾಕಿದರೂ ಡ್ರಮ್ ಏರುವುದಿಲ್ಲ. ಚಳಿಗೆ ಗ್ಯಾಸ್ ಕುಗ್ಗಿತು ಅಂದುಕೊಳ್ಳಬೇಡಿ. ಶಾಖ 10 ಡಿಗ್ರಿ ಇಳಿದರೆ ಕುಗ್ಗುವುದು ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ನಿಜವಾದ ಕಾರಣ, ಗ್ಯಾಸ್ ತಯಾರಿಸುವ ಸೂಕ್ಷ್ಮಜೀವಿಗಳು ಥಂಡಿಗೆ ಮಂಕಾಗಿ, ಕಣಗಳೇ ಕಡಿಮೆ ಹುಟ್ಟಿದ್ದು. ಬಚ್ಚಲ ಹಂಡೆಯಲ್ಲಿ ಉಳಿದ ನೀರನ್ನು ಉಗುರುಬೆಚ್ಚಗೆ ಮಾಡಿ ಸಗಣಿ ಕಲಸಿ. ಗುಂಡಿಗೆ ಮಳೆನೀರು ನುಗ್ಗದಂತೆ ನೋಡಿಕೊಳ್ಳಿ.

ಇನ್ನು ಪೇಟೆಯ ಸಿಲಿಂಡರು. ಅದರ ಗಾತ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಒಳಗಿರುವುದು ಒತ್ತಡಕ್ಕೆ ದ್ರವವಾದ ಗ್ಯಾಸ್. ಕೊನೆಯ ಹನಿಯವರೆಗೂ ಒತ್ತಡ ಉಳಿಯುವುದರಿಂದ ಉರಿ ನೋಡಿ ಲೆಕ್ಕ ಹಾಕಲಾಗದು. ಇಲ್ಲಿ ತಕ್ಕಡಿಯೇ ಗತಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ, ಅದಕ್ಕೆ 14.2 ಕಿಲೊ ಸೇರಿಸಿದರೆ ತುಂಬಿದ ತೂಕ. ತಂದವರ ಹತ್ತಿರ "ತೂಗಿ ತೋರಿಸಪ್ಪ" ಅನ್ನೋಕೆ ಸಂಕೋಚ ಬೇಡ, ಅದು ನಮ್ಮ ಹಕ್ಕು.

ಆ 14.2 ಕಿಲೊ ಹೊರಬಂದು ಹರಡಿದರೆ ಆರು ಸಾವಿರ ಲೀಟರಿಗೂ ಮೀರುತ್ತದೆ, ಅಂದರೆ 200 ಲೀಟರಿನ ಮೂವತ್ತು ಡ್ರಮ್ಮು! ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಕಿಡಿ ಸಾಕು. ಈ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಮಡುಗಟ್ಟುತ್ತದೆ. ವಾಸನೆ ಬಂದರೆ ಕಡ್ಡಿ ಗೀರಬೇಡಿ, ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಮಕ್ಕಳೊಂದಿಗೆ ಹೊರಬನ್ನಿ. ಹೊರಗಿನಿಂದಲೇ 1906ಕ್ಕೆ ಫೋನ್ ಮಾಡಿ.

ಡ್ರಮ್ಮನ್ನು ಎತ್ತರದಿಂದ, ಸಿಲಿಂಡರನ್ನು ತೂಕದಿಂದ ಅಳೆಯಿರಿ. ಇಷ್ಟು ಗೊತ್ತಿದ್ದರೆ ನೆಂಟರು ಬರಲಿ ಬಿಡಿ, ಒಲೆ ಮಾತ್ರ ಕೈಕೊಡದು.